ದೂರದ ಗುಂಡು, ಹತ್ತಿರದ ಹುಲಿ

ಊಟಿ: ದೊಡ್ಡಬೆಟ್ಟದ ತಪ್ಪಲಿನ ಹಟ್ಟಿಗಳಲ್ಲಿ 2014ರ ಜನವರಿಯನ್ನು ಮರೆತವರು ಕಡಿಮೆ. ಚಳಿಗಲ್ಲ, ಹುಲಿಗೆ ಹೆದರಿ ಸಂಜೆಗೇ ಬಾಗಿಲು ಹಾಕಿಕೊಂಡ ತಿಂಗಳದು. ಕೆಲವೇ ದಿನಗಳಲ್ಲಿ ಮೂವರು ಹುಲಿಗೆ ಬಲಿಯಾದರು. ಶಾಲೆಗಳಿಗೆ ರಜೆ ಕೊಟ್ಟರು. ಟೀ ಸೊಪ್ಪು ಕೀಳುವ ಹೆಂಗಸರು ತೋಟಕ್ಕೆ ಇಳಿಯೋಕೆ ಹಿಂಜರಿದರು. ಕೊನೆಗೆ ಜನವರಿ 22ರಂದು ಕುಂದಸಪ್ಪೆ ಬಳಿ ಹುಲಿಯನ್ನು ಗುಂಡಿಕ್ಕಿ ಕೊಂದರು.

ಅಲ್ಲಿಗೇ ಮುಗೀಲಿಲ್ಲ. 2015ರ ಫೆಬ್ರವರಿಯಲ್ಲಿ ಕೇರಳದ ವಯನಾಡು ಗಡಿಗೆ ಅಂಟಿಕೊಂಡ ಪಂದಲೂರು ತಾಲ್ಲೂಕಿನಲ್ಲಿ ಒಬ್ಬ ಹೆಂಗಸು ಸತ್ತಳು. ಹುಲಿಗೆ ಗುಂಡು ಬಿತ್ತು. 2016ರ ಮಾರ್ಚ್‌ನಲ್ಲಿ ಗೂಡಲೂರಿನ ದೇವರ್‌ಶೋಲೆ ಕಡೆಯ ಎಸ್ಟೇಟಿನಲ್ಲಿ ಒಬ್ಬ ಕೂಲಿಕಾರ ಸತ್ತ. ಮತ್ತೆ ಗುಂಡು ಬಿತ್ತು. ಅದೇ 2014ರ ಡಿಸೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲೂ ಇದೇ ಕಥೆ. ಚಿಕ್ಕಮಗಳೂರು ಕಡೆ ಹಿಡಿದು ಭೀಮಗಡದ ಕಾಡಿಗೆ ತಂದು ಬಿಟ್ಟ ಹುಲಿ ಒಬ್ಬ ಮಹಿಳೆಯನ್ನು ಕೊಂದಿತು. ಕೆಲವೇ ದಿನಗಳಲ್ಲಿ ಅದನ್ನೂ ಹೊಡೆದರು. ಮಹಾರಾಷ್ಟ್ರದ ಯವತ್ಮಾಳದಲ್ಲಿ 2018ರ ನವೆಂಬರ್ 2ರ ರಾತ್ರಿ ಅವನಿ ಎಂಬ ಹೆಣ್ಣು ಹುಲಿ ಒಂದೇ ಗುಂಡಿಗೆ ಸತ್ತಿತು. ಅದರ ಗದ್ದಲ ಗಡಿಯ ಎರಡೂ ಕಡೆ ಮನೆಮನೆ ಮುಟ್ಟಿತು.

ಪ್ರತಿ ಸಲವೂ ಜಗಳ ಒಂದೇ. ಹೊಡೀಬೇಕಿತ್ತಾ, ಹೊಡೀಬಾರದಿತ್ತಾ? ಒಂದು ಕಡೆ ಪ್ರಾಣಿಪ್ರಿಯರು, ಇನ್ನೊಂದು ಕಡೆ ಹೆಣ ಹೊತ್ತ ಊರಿನವರು. ಆದರೆ ಹೊಡೆಯಲೇಬೇಕು ಎಂದು ಸರಕಾರ ತೀರ್ಮಾನಿಸಿದ ಮೇಲೆ, ಯಾವ ಗುಂಡಿನಿಂದ, ಎಷ್ಟು ದೂರದಿಂದ ಅನ್ನೋ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ. ಅದು ಶಿಕಾರಿಯವರ ಹರಟೆ ಎಂದು ಬಿಟ್ಟುಬಿಡುತ್ತಾರೆ. ಹರಟೆ ಅಲ್ಲ. ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗುವವರ ಜೀವದ ಪ್ರಶ್ನೆ ಅದು.

ಒಂದೇ ಜಿಲ್ಲೆ, ಎರಡು ದೂರ

ನೀಲಗಿರಿಯಲ್ಲಿ ಕಾಡು ಎರಡು ತರಹ. ಮೇಲೆ ಮುಕುರ್ತಿ ಕಡೆ ಹುಲ್ಲುಗಾವಲು, ಬಂಡೆ, ಕಮರಿ. ಅಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆ ಎದುರು ಗುಡ್ಡದ ಮೇಲೆ ಚುಕ್ಕೆಯ ಹಾಗೆ ಕಾಣುತ್ತದೆ. ಕೆಳಗೆ ಮಸಿನಗುಡಿ, ಸಿಗೂರು, ಗೂಡಲೂರು ಕಡೆ ಬಿದಿರು, ಲಂಟಾನ, ಟೀ ಗಿಡದ ಸಾಲು. ಅಲ್ಲಿ ಕಾಟಿಯಾಗಲಿ ಹುಲಿಯಾಗಲಿ ಇಪ್ಪತ್ತು ಮೂವತ್ತು ಮೀಟರಿಗೆ ಬರೋವರೆಗೂ ಕಾಣೋದೇ ಇಲ್ಲ.

ಬ್ರಿಟಿಷರ ಕಾಲದಲ್ಲಿ ಇದು ಶಿಕಾರಿಯ ಸ್ವರ್ಗ. ಹೊಡೆದು ಹೊಡೆದು ಪ್ರಾಣಿಗಳೇ ಕಡಿಮೆಯಾದಾಗ 1877ರಲ್ಲಿ ಇಲ್ಲಿ ಗೇಮ್ ಅಸೋಸಿಯೇಷನ್ ಹುಟ್ಟಿತು. 1879ರಲ್ಲಿ ನೀಲಗಿರಿಯ ಬೇಟೆ ಮತ್ತು ಮೀನುಗಾರಿಕೆಗೆ ಪ್ರತ್ಯೇಕ ಕಾಯ್ದೆಯೇ ಬಂತು. ಕಡೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲಕ್ಕೆ ತೆರೆ ಎಳೆಯಿತು. ಅದು ಒಳ್ಳೆಯದೇ ಆಯಿತು. ಆದರೆ ಶಿಕಾರಿಯ ಜೊತೆ ಶಿಕಾರಿಯ ತಿಳಿವಳಿಕೆಯೂ ಹೋಯಿತು. ಯಾವ ದೂರಕ್ಕೆ ಯಾವ ಗುಂಡು ಅನ್ನೋ ಲೆಕ್ಕ ಹಳಬರ ಜೊತೆಗೇ ಮಣ್ಣಾಯಿತು.

ಗುಂಡು ಒಳಗೆ ಹೋಗಿ ಮಾಡೋದೇನು?

ಕಾಡತೂಸು ಬೇರೆ, ಗುಂಡು ಬೇರೆ. ಕಾಡತೂಸು ಅಂದರೆ ಹಿತ್ತಾಳೆಯ ಚಿಪ್ಪು, ಮದ್ದು, ಗುಂಡು ಎಲ್ಲ ಸೇರಿದ್ದು. ಅದರ ತುದಿಯಲ್ಲಿ ಕೂತಿದ್ದು, ನಳಿಗೆಯಿಂದ ಹಾರಿ ಹೋಗೋದು ಗುಂಡು. ಬೇಟೆಯ ಗುಂಡಿನ ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ. ಮೂತಿಯಲ್ಲಿ ಸೀಸ ತೆರೆದಿರುತ್ತದೆ, ಇಲ್ಲವೇ ಸಣ್ಣ ರಂಧ್ರ ಅಥವಾ ಪ್ಲಾಸ್ಟಿಕ್ ತುದಿ ಇರುತ್ತದೆ. ಮೈಗೆ ಬಿದ್ದ ಕೂಡಲೇ ಮೂತಿ ಅಣಬೆಯ ಹಾಗೆ ಅರಳಬೇಕು, ಆದರೆ ಒಡೆಯಬಾರದು. ಅರಳಿದ ಗುಂಡು ಭುಜದ ಮೂಳೆ, ಮಾಂಸ ದಾಟಿ ಹೃದಯ, ಶ್ವಾಸಕೋಶ ಮುಟ್ಟಿದರೆ ಪ್ರಾಣಿ ಬೇಗ ಬೀಳುತ್ತದೆ. ನರಳೋದಿಲ್ಲ, ಓಡಿಹೋಗೋದಿಲ್ಲ.

ಈ ಅರಳುವಿಕೆ ವೇಗದ ಮೇಲೆ ನಿಂತಿದೆ. ಅಮೆರಿಕದ ಬಯಲು, ನ್ಯೂಜಿಲೆಂಡಿನ ಬೆಟ್ಟಗಳಲ್ಲಿ ನಾನೂರು ಐನೂರು ಮೀಟರ್ ದೂರ ಹೊಡೆಯೋಕೆಂದೇ ಗುಂಡು ಮಾಡುತ್ತಾರೆ. ಉದ್ದ ಮೈ, ಚೂಪು ಮೂತಿ, ತೆಳು ಹೊದಿಕೆ. ದೊಡ್ಡ ಮ್ಯಾಗ್ನಂ ರೈಫಲ್ಲಿನಿಂದ ಅದು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಐನೂರು ಮೀಟರ್ ಹೋಗುವಷ್ಟರಲ್ಲಿ ಗಾಳಿಯ ತಡೆಗೆ ಸುಮಾರು 600ಕ್ಕೆ ಇಳಿದಿರುತ್ತದೆ. ಆ ಇಳಿದ ವೇಗದಲ್ಲೂ ಅರಳಲಿ ಎಂದೇ ಹೊದಿಕೆ ತೆಳ್ಳಗೆ, ಮೂತಿ ಮೆತ್ತಗೆ ಮಾಡಿರುತ್ತಾರೆ.

ಅದೇ ಗುಂಡನ್ನು ಇಪ್ಪತ್ತು ಮೀಟರಿನಲ್ಲಿ ಹೊಡೆದರೆ? ವೇಗ ಇಳಿದೇ ಇರೋದಿಲ್ಲ. 600 ಮೀಟರ್ ವೇಗದ ಗುಂಡಿಗಿಂತ 900ರ ಗುಂಡಿನ ಶಕ್ತಿ ಎರಡೂಕಾಲು ಪಟ್ಟು. ಮೆತ್ತಗಿನ ಗುಂಡು ಅಷ್ಟು ಜೋರಾಗಿ ಮೂಳೆಗೆ ಬಡಿದರೆ ಅರಳೋದರ ಬದಲು ಚೂರು ಚೂರಾಗುವ ಅಪಾಯ ಇದೆ. ಚರ್ಮದ ಕೆಳಗೇ ದೊಡ್ಡ ಗಾಯ, ರಕ್ತ, ಹರಿದ ಮಾಂಸ. ಆದರೆ ಆಳಕ್ಕೆ ಹೋಗಬೇಕಾದ ಭಾರವೇ ಉಳಿದಿರೋದಿಲ್ಲ. ನೋಡಿದವರಿಗೆ ಭಯಂಕರ ಪೆಟ್ಟು ಅನ್ನಿಸುತ್ತದೆ. ಪ್ರಾಣಿ ಮಾತ್ರ ಎದ್ದು ಓಡುತ್ತದೆ.

ತೆಳ್ಳಗಿನ ಜಿಂಕೆಯ ಪಕ್ಕೆಲುಬಿಗೆ ಬಿದ್ದರೆ ಇದೇ ಗುಂಡು ನಿಂತಲ್ಲೇ ಕೆಡವಬಹುದು. ಎರಡು ಕ್ವಿಂಟಾಲ್ ತೂಗುವ ಗಂಡು ಹುಲಿಯ ಭುಜಕ್ಕೆ, ಅದರ ನಾಲ್ಕು ಪಟ್ಟಿಗೂ ಹೆಚ್ಚು ತೂಗುವ ಕಾಟಿಯ ಭುಜಕ್ಕೆ ಬಿದ್ದರೆ ಆ ಮಾತು ನಂಬೋಕಾಗದು. ದೂರಕ್ಕೆ ಚೆನ್ನಾಗಿರೋದು ಹತ್ತಿರಕ್ಕೆ ಇನ್ನೂ ಚೆನ್ನಾಗಿರುತ್ತದೆ ಅನ್ನೋದು ಸಾಮಾನ್ಯರ ಲೆಕ್ಕ. ಗುಂಡಿನ ವಿಷಯದಲ್ಲಿ ಆ ಲೆಕ್ಕ ತಪ್ಪು.

ಕೆಸರು ಮೆತ್ತಿದ ಮೂಸ್ ಕಲಿಸಿದ ಪಾಠ

ಇದನ್ನು ಜಗತ್ತಿಗೆ ಕಲಿಸಿದ್ದು ಒಂದು ಸೋಲು. 1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ದೈತ್ಯ ಕಡವೆಗೆ ಹತ್ತಿರದಿಂದ ಗುಂಡು ಹೊಡೆದ. ಕೈಯಲ್ಲಿದ್ದದ್ದು ಆ ಕಾಲದ ಜೋರಿನ .300 ಮ್ಯಾಗ್ನಂ. ಆದರೆ ಕೆಸರು ಒಣಗಿ ಗಟ್ಟಿಯಾದ ಮೂಸ್‌ನ ಮೈಗೆ ಬಿದ್ದ ಗುಂಡುಗಳು ಹೊರಗೇ ಒಡೆದು ಹೋದವು, ಒಳಗೆ ಇಳಿಯಲಿಲ್ಲ. ವೇಗ ಹೆಚ್ಚಾದದ್ದೇ ಮುಳುವಾಯಿತು.

ಮನೆಗೆ ಬಂದ ನೋಸ್ಲರ್ ಹೊಸ ಗುಂಡು ಮಾಡಿದ. ನಡುವೆ ತಾಮ್ರದ ಅಡ್ಡಗೋಡೆ, ಹಿಂದೆ ಮುಂದೆ ಸೀಸ. ಮುಂದಿನ ಅರ್ಧ ಅರಳಿ ಚೂರಾದರೂ ಹಿಂದಿನ ಅರ್ಧ ಗೋಡೆಯ ಆಸರೆಯಲ್ಲಿ ಉಳಿದು ಆಳಕ್ಕೆ ಹೋಗಬೇಕು. 1948ರಿಂದ ಅದನ್ನು ಮಾರೋಕೆ ಶುರು ಮಾಡಿದ. ಆಮೇಲೆ ಸೀಸವನ್ನು ಹೊದಿಕೆಗೆ ಬೆಸೆದ ಗುಂಡು, ಪೂರ್ತಿ ತಾಮ್ರದ ಗುಂಡು ಬಂದವು. ಎಲ್ಲದರ ಉದ್ದೇಶವೂ ಒಂದೇ: ಹತ್ತಿರದ ಜೋರು ಪೆಟ್ಟಿನಲ್ಲೂ ಒಡೆಯದೆ ಉಳಿಯೋದು. ಅಂದರೆ ರೋಗಕ್ಕೆ ಔಷಧ ಸಿಕ್ಕಿ ಮುಕ್ಕಾಲು ಶತಮಾನ ದಾಟಿದೆ. ಕೇಳಿ ತರಿಸುವವರು ಬೇಕು, ಅಷ್ಟೇ.

ನೆಟ್ಟಗೆ ತೂರಿ ಹೋಗುವ ಗುಂಡು

ಇದಕ್ಕೆ ತದ್ವಿರುದ್ಧದ ತಪ್ಪೂ ಒಂದಿದೆ. ನಮ್ಮಲ್ಲಿ ನರಭಕ್ಷಕ ಹುಲಿಯ ಕೆಲಸಕ್ಕೆ ಹೆಚ್ಚಾಗಿ ಇಳಿಯೋದು ಪೊಲೀಸ್ ಕಾರ್ಯಪಡೆ. ಪೊಲೀಸ್ ಮತ್ತು ಸೈನ್ಯದ ರೈಫಲ್ಲಿಗೆ ಕೊಡುವ ಗುಂಡು ಸಾಮಾನ್ಯವಾಗಿ ಪೂರ್ತಿ ಹೊದಿಕೆಯದು, ಅರಳುವಂಥದ್ದಲ್ಲ. ಇದಕ್ಕೊಂದು ಇತಿಹಾಸವಿದೆ, ಅದೂ ನಮ್ಮ ನೆಲದ್ದೇ. 1890ರ ದಶಕದಲ್ಲಿ ಕೋಲ್ಕತ್ತ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿ ತೆರೆದ ಗುಂಡು ಮಾಡಿದರು. ಅದರ ಗಾಯ ನೋಡಿ ಜಗತ್ತು ಬೆಚ್ಚಿತು. 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧಕ್ಕೆ ಅರಳುವ ಗುಂಡು ಕೂಡದು ಎಂದು ಘೋಷಿಸಿದರು. ಮನುಷ್ಯನ ಮೇಲಿನ ಆ ಕರುಣೆ ಸರಿಯೇ. ಆದರೆ ಯುದ್ಧದ ಗುಂಡನ್ನೇ ಹುಲಿಗೆ ಹೊಡೆದರೆ ಅದು ಕರುಣೆಯಾಗೋದಿಲ್ಲ. ಎಷ್ಟೋ ಸಲ ಅದು ಸಣ್ಣ ತೂತು ಮಾಡಿ ಆಚೆಗೆ ಹೋಗುತ್ತದೆ, ಇಲ್ಲವೇ ಒಳಗೆ ಅಡ್ಡ ತಿರುಗಿ ದಾರಿ ಬದಲಿಸುತ್ತದೆ. ಪ್ರಾಣಿ ಗಂಟೆಗಟ್ಟಲೆ ಗಾಯ ಹೊತ್ತು ಅಲೆಯಬಹುದು.

ತೂರಿ ಹೋದ ಗುಂಡು ನಿಲ್ಲೋದೆಲ್ಲಿ? ರೈಫಲ್ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಟೀ ತೋಟದ ನಡುವೆ ಲೈನ್ ಮನೆಗಳಿರುತ್ತವೆ, ಸುತ್ತ ಜನ ಸೇರಿರುತ್ತಾರೆ. ಒಂದರ ಬದಲು ಹತ್ತು ಗುಂಡು ಹಾರಿಸಬೇಕಾಗಿ ಬಂದರೆ ಅಪಾಯವೂ ಹತ್ತು ಪಟ್ಟು.

ಹಳಬರ ಕೋವಿ ಯಾಕೆ ಬೇರೆ?

ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಕನ್ನಡದ ಮನೆಗಳಿಗೆ ಪರಿಚಯವಾದ ಕೆನೆತ್ ಆಂಡರ್ಸನ್ ಬೆಂಗಳೂರಿನವರು. ಸಿಗೂರಿನ ನರಭಕ್ಷಕದ ಬಗ್ಗೆಯೂ ಬರೆದವರು. ಅವರ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್. 300 ಗ್ರೇನ್, ಅಂದರೆ ಸುಮಾರು ಹತ್ತೊಂಬತ್ತು ಗ್ರಾಂ ತೂಕದ ಗುಂಡು. ವೇಗ ಸೆಕೆಂಡಿಗೆ ಸುಮಾರು 670 ಮೀಟರ್ ಮಾತ್ರ. ದೂರಕ್ಕೆ ಆ ಕೋವಿ ಪ್ರಯೋಜನವಿಲ್ಲ, ಗುಂಡು ಬೇಗ ಕೆಳಗಿಳಿಯುತ್ತದೆ. ಆದರೆ ಮೂವತ್ತು ಮೀಟರಿನಲ್ಲಿ ಭಾರದ, ನಿಧಾನದ ಗುಂಡು ಒಡೆಯೋದು ಕಡಿಮೆ, ಒಳಗೆ ಇಳಿಯೋದು ಹೆಚ್ಚು.

ನಮ್ಮ ಸರಕಾರಿ ಕಾರ್ಖಾನೆಗಳು ದಶಕಗಳ ಕಾಲ ಮಾಡಿದ .315 ರೈಫಲ್ಲಿನ ಲೆಕ್ಕವೂ ಇಂಥದ್ದೇ. 244 ಗ್ರೇನ್ ಗುಂಡು, ವೇಗ 600 ಮೀಟರ್ ಆಸುಪಾಸು. ಕಾಡತೂಸಿನ ತಳದಲ್ಲಿ ಕೆ.ಎಫ್. ಎಂಬ ಅಕ್ಷರ ಕಂಡರೆ ಅದು ಪುಣೆಯ ಖಡಕಿ ಕಾರ್ಖಾನೆಯ ಗುರುತು. ನೋಡೋಕೆ ಹಳೇ ಕಾಲದ್ದು, ಪೇಟೆಯ ಹುಡುಗರು ನಕ್ಕಾರು. ಹತ್ತಿರದ ಕೆಲಸಕ್ಕೆ ಮಾತ್ರ ಹೊಳೆಯುವ ದೂರಗಾಮಿ ರೈಫಲ್ಲಿಗಿಂತ ಇದರ ತತ್ವವೇ ಹೆಚ್ಚು ಸರಿ.

ದುರ್ಬೀನಿನ ಮಾತೂ ಹೀಗೇ. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ನೂರು ಮೀಟರಿಗೆ ಮೂರೂವರೆ ಮೀಟರ್ ಅಗಲದಷ್ಟು ಕಾಣುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಮೀಟರಿಗೆ ಕಾಣೋದು ಮುಕ್ಕಾಲು ಮೀಟರೂ ಇಲ್ಲ. ನುಗ್ಗಿ ಬರುವ ಹುಲಿ ಅದರೊಳಗೆ ಬರೀ ಪಟ್ಟೆ, ಕೂದಲು. ತಲೆ ಯಾವುದು, ಭುಜ ಯಾವುದು? ಸಾಲದ್ದಕ್ಕೆ ದುರ್ಬೀನು ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ. ಇನ್ನೂರು ಮೀಟರಿಗೆ ಗುರಿ ಕೂಡಿಸಿದ ರೈಫಲ್ ಇಪ್ಪತ್ತು ಮೀಟರಿನಲ್ಲಿ ಇಟ್ಟ ಗುರಿಗಿಂತ ಸ್ವಲ್ಪ ಕೆಳಗೆ ಹೊಡೆಯುತ್ತದೆ. ತಲೆಗೆ ಗುರಿ ಇಟ್ಟವನಿಗೆ ಅದು ಸಣ್ಣ ವ್ಯತ್ಯಾಸವಲ್ಲ. ನಡುವೆ ಲಂಟಾನದ ಕಡ್ಡಿ ಅಡ್ಡ ಬಂದರೆ ಯಾವ ಗುಂಡಾದರೂ ದಾರಿ ತಪ್ಪಬಹುದು. ಪೊದೆ ಸೀಳಿಕೊಂಡು ನೆಟ್ಟಗೆ ಹೋಗುವ ಗುಂಡು ಅನ್ನೋದು ಬರೀ ಅಂಗಡಿಯ ಮಾತು.

ಅರೆಪೆಟ್ಟಿನ ಬಾಕಿ ತೀರಿಸೋರು ಯಾರು?

ಅರೆಪೆಟ್ಟು ತಿಂದ ಹಾವನ್ನು ಬಿಡಬಾರದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹುಲಿಗೆ ಆ ಮಾತು ನೂರು ಪಟ್ಟು ಅನ್ವಯ. ಉತ್ತರಾಖಂಡದ ಚಂಪಾವತದ ಹೆಣ್ಣು ಹುಲಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. 1907ರಲ್ಲಿ ಅದನ್ನು ಹೊಡೆದ ಜಿಮ್ ಕಾರ್ಬೆಟ್ ಅದರ ಬಾಯಿ ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೆ ಹೋಗಿತ್ತು. ಹಳೆಯ ಗುಂಡೇಟಿನ ಫಲ. ಸಹಜ ಬೇಟೆ ಆಡೋಕಾಗದೆ ಅದು ಮನುಷ್ಯರ ಮೇಲೆ ಬಿತ್ತು ಎಂದು ಅವರು ಬರೆದರು. ಯಾರೋ ಒಬ್ಬ ಹೊಡೆದ ಕೆಟ್ಟ ಗುಂಡಿನ ಬಾಕಿಯನ್ನು ನೂರಾರು ಬಡವರು ತೀರಿಸಿದರು.

ನೀಲಗಿರಿಯಲ್ಲೂ ಅಷ್ಟೇ. ಗುಂಡು ತಿಂದ ಪ್ರಾಣಿ ಪೊದೆ ಸೇರಿದರೆ ಅದನ್ನು ಹುಡುಕಿಕೊಂಡು ಒಳಗೆ ಹೋಗೋರು ದೊಡ್ಡ ಅಧಿಕಾರಿಗಳಲ್ಲ. ಕೋಲು ಹಿಡಿದ ಕಾವಲುಗಾರರು, ಹೆಜ್ಜೆ ಗುರುತು ಬಲ್ಲ ಕಾಡಿನ ಮಕ್ಕಳು. ಮರುದಿನ ತೋಟಕ್ಕೆ ಇಳಿಯೋರು ದಿನಗೂಲಿ ಹೆಂಗಸರು. ಗೂಡಲೂರು, ಮಸಿನಗುಡಿ ಕಡೆಯ ಕನ್ನಡ ಮನೆಗಳಿಗೆ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನಲ್ಲಿ ಬೋರ್ ಇದೆ, ಗುಂಡು?

1972ರ ಕಾಯ್ದೆಯ 11ನೇ ಕಲಮು ಸ್ಪಷ್ಟ. ಹುಲಿಯಂಥ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದಾಗ ಮುಖ್ಯ ವನ್ಯಜೀವಿ ಪಾಲಕರು ಕಾರಣ ಬರೆದು ಆದೇಶ ಕೊಡಬಹುದು. ಹಿಡಿಯೋಕೆ, ಅರಿವಳಿಕೆ ಕೊಡೋಕೆ, ಬೇರೆಡೆ ಸಾಗಿಸೋಕೆ ಆಗದು ಎಂದು ಮನವರಿಕೆಯಾದ ಮೇಲಷ್ಟೇ ಕೊಲ್ಲುವ ಮಾತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2013ರ ಕಾರ್ಯವಿಧಾನವೂ ಕೊಲ್ಲೋದು ಕೊನೆಯ ದಾರಿ ಅನ್ನುತ್ತದೆ. ಹೊಡೆಯುವವರಿಗೆ ಪರಿಣತಿ ಇರಬೇಕು, ಸೂಕ್ತ ಬೋರಿನ ಬಂದೂಕು ಕೊಡಬೇಕು ಎನ್ನುತ್ತದೆ.

ಇಲ್ಲೇ ತೊಡಕು. ಬೋರ್ ಅಂದರೆ ನಳಿಗೆಯ ರಂಧ್ರದ ಅಳತೆ. ಒಂದೇ ಬೋರಿಗೆ ಹತ್ತಾರು ತರಹದ ಗುಂಡು ಸಿಗುತ್ತದೆ. ತೆಳು ಹೊದಿಕೆಯದು, ಬೆಸೆದದ್ದು, ಪೂರ್ತಿ ತಾಮ್ರದ್ದು, ಯುದ್ಧದ್ದು. ಬೋರ್ ಸರಿಯಿದ್ದೂ ಗುಂಡು ತಪ್ಪಿರಬಹುದು. ಚಪ್ಪಲಿಯ ಅಳತೆ ಹೇಳಿ, ಗದ್ದೆಗೋ ಮದುವೆಗೋ ಹೇಳದಿದ್ದ ಹಾಗೆ.

"ಹಿಡಿಯೋದೇ ಇರುವಾಗ ಗುಂಡಿನ ಮಾತೇಕೆ?"

ಹೀಗೆ ಕೇಳೋರು ಇದ್ದಾರೆ, ಅವರ ಕೈಯಲ್ಲಿ ಒಳ್ಳೆಯ ಉದಾಹರಣೆಯೂ ಇದೆ. 2021ರಲ್ಲಿ ಗೂಡಲೂರು, ಮಸಿನಗುಡಿ ಕಡೆ ನಾಲ್ವರ ಸಾವಿಗೆ ಕಾರಣ ಎನ್ನಲಾದ ಟಿ-23 ಹುಲಿಗೆ ಅಕ್ಟೋಬರ್ ಮೊದಲಲ್ಲಿ ಬೇಟೆಯ ಆದೇಶ ಹೊರಟಿತ್ತು. ಕೊಲ್ಲೋಕೆ ಆತುರ ಬೇಡ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಆನೆ, ನಾಯಿ, ಕ್ಯಾಮೆರಾ ಎಲ್ಲ ಇಟ್ಟುಕೊಂಡು ಸುಮಾರು ಮೂರು ವಾರ ಹುಡುಕಿ, ಅಕ್ಟೋಬರ್ 15ರಂದು ಮಸಿನಗುಡಿ ಬಳಿ ಜೀವಂತ ಹಿಡಿದರು. ಚಿಕಿತ್ಸೆಗೆ ಕಳಿಸಿದ್ದು ಗಡಿ ದಾಟಿಸಿ ನಮ್ಮ ಮೈಸೂರಿನ ಕೂರ್ಗಳ್ಳಿಗೆ. ಅದು ಹೆಮ್ಮೆಯ ಕೆಲಸ. ಎಲ್ಲ ಹುಲಿಗಳಿಗೂ ಹಾಗೇ ಆಗಲಿ.

ಆದರೆ ಅರಿವಳಿಕೆಯ ಸೂಜಿ ಹೊಡೆಯಬೇಕಾದರೂ ಮೂವತ್ತು ನಲವತ್ತು ಮೀಟರಿನ ಒಳಗೆ ಹೋಗಬೇಕು. ಸೂಜಿ ಬಿದ್ದ ಕೂಡಲೇ ಹುಲಿ ಮಲಗೋದಿಲ್ಲ, ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ಅದು ತಂಡದ ಮೇಲೆ ತಿರುಗಿದರೆ ಪಕ್ಕದಲ್ಲಿ ನಿಂತ ರೈಫಲ್ಲೇ ಗತಿ. ಅಂದರೆ ಹಿಡಿಯುವ ಕೆಲಸಕ್ಕೂ ಹತ್ತಿರದ ಸರಿಯಾದ ಗುಂಡು ಬೇಕು. ಗುಂಡಿನ ಮಾತಾಡಿದರೆ ಕೊಲ್ಲೋಕೆ ಹೊರಟರು ಎಂದಲ್ಲ. ಕಿಸೆಯಲ್ಲಿ ಒಳ್ಳೆಯ ಗುಂಡು ಇದೆ ಎಂಬ ಧೈರ್ಯ ಇದ್ದವನೇ ಸೂಜಿಯ ಬಂದೂಕಿನವನ ಪಕ್ಕ ಸಮಾಧಾನವಾಗಿ ನಿಲ್ಲಬಲ್ಲ.

ಆಗಬೇಕಾದ್ದು ಇಷ್ಟೇ

ಮೊದಲನೆಯದು, 11ನೇ ಕಲಮಿನ ಆದೇಶದಲ್ಲಿ ಬೋರ್ ಜೊತೆ ಗುಂಡಿನ ಜಾತಿ, ತೂಕ, ಹೊಡೆಯಬಹುದಾದ ದೂರ ಬರೆದಿರಬೇಕು. ಹತ್ತಿರದ ಪೊದೆಗೆ ಒಡೆಯದ ಗುಂಡು ಎಂದು ನಿಯಮವಾಗಲಿ. ಎರಡನೆಯದು, ಹುಲಿ ಕೆಲಸಕ್ಕೆ ಹೋಗುವ ತಂಡಕ್ಕೆ ಹತ್ತು, ಇಪ್ಪತ್ತು, ಐವತ್ತು ಮೀಟರಿನ ಅಭ್ಯಾಸ ಆಗಲಿ. ದೂರದ ಹಲಗೆಗೆ ಹೊಡೆದು ಪದಕ ಗೆದ್ದವರು ಪೊದೆಯಲ್ಲೂ ಗೆಲ್ಲುತ್ತಾರೆಂದಿಲ್ಲ. ಮೂರನೆಯದು, ಸತ್ತ ಪ್ರಾಣಿಯ ಶವಪರೀಕ್ಷೆಯಲ್ಲಿ ಎಷ್ಟು ಗುಂಡು ಬಿತ್ತು, ಯಾವುದು ಒಡೆಯಿತು, ಯಾವುದು ತೂರಿ ಹೋಯಿತು ಎಂದು ಬರೆದು ಊರಿನವರ ಮುಂದೆ ಇಡಲಿ. ಹಾಗೆ ಬರೆದಿಟ್ಟರೆ ಮುಂದಿನ ತಂಡ ಕಲಿಯುತ್ತದೆ. ಇಲ್ಲವಾದರೆ ಪ್ರತಿ ಸಲವೂ ಮೊದಲಿಂದ ಕಲಿಯಬೇಕು, ಶುಲ್ಕ ಕಟ್ಟೋರು ತೋಟದ ಕೂಲಿಗಳು.

ತಮಿಳುನಾಡು, ಕೇರಳ, ಕರ್ನಾಟಕ ಮೂರೂ ಸೇರುವ ಕಾಡು ಇದು. ಹುಲಿಗೆ ಗಡಿ ಕಲ್ಲು ಗೊತ್ತಿಲ್ಲ. ಇವತ್ತು ಮುದುಮಲೆಯಲ್ಲಿ ಗಾಯಗೊಂಡದ್ದು ನಾಳೆ ಬಂಡೀಪುರದ ಅಂಚಿನ ಹೊಲದಲ್ಲಿ ನಿಂತಿರಬಹುದು. ಹಾಗಾಗಿ ಮೂರು ರಾಜ್ಯಗಳೂ ಒಟ್ಟಿಗೆ ಕೂತು ಒಂದೇ ನಿಯಮ ಬರೆಯೋದು ಒಳ್ಳೇದು.

ಹುಲಿ ಉಳಿಯಬೇಕು, ಜನವೂ ಉಳಿಯಬೇಕು. ಎರಡೂ ಆಗದ ದುರ್ದಿನ ಬಂದರೆ ಒಂದೇ ಗುಂಡಿನಲ್ಲಿ ಕೆಲಸ ಮುಗಿಯಬೇಕು. ಅದು ಹುಲಿಗೆ ತೋರಿಸುವ ಕೊನೆಯ ಮರ್ಯಾದೆ, ಊರಿಗೆ ಕೊಡುವ ಮೊದಲ ಭದ್ರತೆ. ದೊಡ್ಡಬೆಟ್ಟದ ಹೆಂಗಸರಿಗೆ ಬೇಕಾಗಿರೋದು ಗುಂಡು ಎಷ್ಟು ದೂರ ಹೋಗುತ್ತದೆ ಅನ್ನೋ ಲೆಕ್ಕವಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ತೋಟಕ್ಕೆ ಇಳಿದರೆ ಸಂಜೆ ಮನೆಗೆ ಬರುತ್ತೇವಾ ಅನ್ನೋದಷ್ಟೇ. ಅದಕ್ಕೆ ಉತ್ತರ ಹತ್ತಿರದ ಆ ಇಪ್ಪತ್ತು ಮೀಟರಿನಲ್ಲಿದೆ.